ಎಂಜಿನ್ ಹುಟ್ಟುವ ಮೊದಲೇ ಹಳಿ ಹಾಕಿಬಿಟ್ಟ!

ನಿಮಗೊಂದು ಪ್ರಶ್ನೆ. ಒಬ್ಬ ಎಂಜಿನಿಯರ್ ನಿಮ್ಮ ಹತ್ತಿರ ಬಂದು, "ಸ್ವಾಮಿ, ಆ ಬೆಟ್ಟದ ಮೇಲೆ ರೈಲು ಹತ್ತಿಸ್ತೀನಿ, ದುಡ್ಡು ಕೊಡಿ" ಅಂತಾನೆ. "ಆಯ್ತಪ್ಪ, ಅಷ್ಟು ಕಡಿದಾದ ಬೆಟ್ಟ ಹತ್ತೋ ಎಂಜಿನ್ ಯಾವುದು?" ಅಂತ ನೀವು ಕೇಳ್ತೀರಿ. "ಅದಿನ್ನೂ ಹುಟ್ಟಿಲ್ಲ. ನಾನು ಹಳಿ ಹಾಕಿ ಮುಗಿಸೋ ಹೊತ್ತಿಗೆ ಯಾರಾದ್ರೂ ಮಾಡ್ತಾರೆ ಬಿಡಿ" ಅಂತಾನೆ. ದುಡ್ಡು ಕೊಡ್ತೀರಾ?

ಆಸ್ಟ್ರಿಯಾ ಸಾಮ್ರಾಜ್ಯ ಕೊಟ್ಟಿತು. ವರ್ಷ 1848.

ಆ ಹಳಿಯ ಮೇಲೆ ಇವತ್ತಿಗೂ ರೈಲು ಓಡ್ತಿದೆ. ಅದರಲ್ಲಿ ನಾನು, ನಮ್ಮಪ್ಪ ಇಬ್ಬರೂ ಕೂತು ಬಂದೆವು. ವಿಯೆನ್ನಾದಲ್ಲಿ ಹತ್ತಿ, ಟ್ರಿಯೆಸ್ಟ್, ವೆನಿಸ್, ಮಿಲಾನ್ ನೋಡಿಕೊಂಡು, ಇಟಲಿಯ ಕರಾವಳಿಗುಂಟ ಫ್ರಾನ್ಸಿನ ಟೂಲಾನ್‌ವರೆಗೆ. ಹದಿಮೂರು ದಿನ, ಪೂರ್ತಿ ರೈಲಿನಲ್ಲೇ. ವಿಮಾನದಲ್ಲಿ ಎರಡು ಗಂಟೆಯೂ ಹಿಡಿಯದ ದಾರಿ. "ತಲೆ ಕೆಟ್ಟಿದೆಯಾ?" ಅಂದರು ಆಫೀಸಿನಲ್ಲಿ. ದಿನಕ್ಕೆ ಮೂರು ಬುಲೆಟಿನ್, ಒಂದು ಡಿಬೇಟ್, ಮೂವತ್ತು ಸೆಕೆಂಡಿಗೊಂದು ಬ್ರೇಕಿಂಗ್ ಅಂತ ಬದುಕುವವನು ನಾನು. ನಿಧಾನ ಅನ್ನೋ ಪದಾರ್ಥ ಹೇಗಿರುತ್ತೆ ಅಂತ ಒಂದ್ಸಲ ನೋಡಬೇಕಿತ್ತು. ಅದಕ್ಕಿಂತ ದೊಡ್ಡ ಕಾರಣ ಅಪ್ಪ. ಮೂವತ್ತೈದು ವರ್ಷ ರೈಲ್ವೆಯಲ್ಲಿ ಕೆಲಸ ಮಾಡಿದ ಮನುಷ್ಯ. ಗ್ಯಾಂಗ್‌ಮನ್ ಆಗಿ ಸೇರಿ, ಕೀಮನ್ ಆಗಿ, ಕೊನೆಗೆ ಮೇಟ್ ಆಗಿ ನಿವೃತ್ತರಾದರು. ಅದರಲ್ಲಿ ಬಹುಪಾಲು ಸಕಲೇಶಪುರ–ಸುಬ್ರಹ್ಮಣ್ಯ ಘಾಟ್ ಸೆಕ್ಷನ್‌ನಲ್ಲಿ. ಜೀವನಪೂರ್ತಿ ಹಳಿ ಮೇಲೆ ನಡೆದವರು. ರೈಲಿನೊಳಗೆ ಕಿಟಕಿ ಪಕ್ಕ ಆರಾಮಾಗಿ ಕೂತಿದ್ದು ಕಡಿಮೆ.

ಕಥೆಗೆ ಬರೋಣ. ಅವನ ಹೆಸರು ಕಾರ್ಲ್ ಗೇಗಾ. 1802ರಲ್ಲಿ ವೆನಿಸ್‌ನಲ್ಲಿ ಹುಟ್ಟಿದವನು, ಮನೆತನದ ಮೂಲ ಅಲ್ಬೇನಿಯಾ. ಹದಿಹರೆಯದಲ್ಲೇ ಪಡುವಾ ವಿಶ್ವವಿದ್ಯಾಲಯದಲ್ಲಿ ಗಣಿತದ ಡಾಕ್ಟರೇಟ್ ಮುಗಿಸಿದವನು. (ಆ ವಯಸ್ಸಲ್ಲಿ ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಮೊದಲ ಸೆಮಿಸ್ಟರ್ ಗಣಿತದಲ್ಲಿ ಬ್ಯಾಕ್ ಉಳಿಸಿಕೊಂಡಿದ್ದೆ. ಅದು ಬೇರೆ ವಿಷಯ ಬಿಡಿ.) ಆಗಿನ ಆಸ್ಟ್ರಿಯಾ ಅಂದ್ರೆ ಇವತ್ತಿನ ಪುಟ್ಟ ದೇಶ ಅಲ್ಲ. ವೆನಿಸ್, ಮಿಲಾನ್, ಪ್ರಾಗ್, ಬುಡಾಪೆಸ್ಟ್ ಎಲ್ಲವೂ ವಿಯೆನ್ನಾದ ಚಕ್ರವರ್ತಿಯ ಕೈಕೆಳಗಿದ್ದ ಕಾಲ. ರಾಜಧಾನಿ ವಿಯೆನ್ನಾ ಒಳನಾಡಿನಲ್ಲಿ, ಸಾಮ್ರಾಜ್ಯದ ಬಂದರು ಟ್ರಿಯೆಸ್ಟ್ ಸಮುದ್ರದಲ್ಲಿ. ಮಧ್ಯೆ ಆಲ್ಪ್ಸ್ ಪರ್ವತ. ವಿಯೆನ್ನಾದಿಂದ ಹೊರಟ ಹಳಿ 1842ರಲ್ಲಿ ಗ್ಲೋಗ್‌ನಿಟ್ಸ್ ಅನ್ನೋ ಊರಿಗೆ ಬಂದು, ಸೆಮ್ಮರಿಂಗ್ ಬೆಟ್ಟದ ಬುಡದಲ್ಲಿ ನಿಂತುಬಿಟ್ಟಿತು. ಬೆಟ್ಟದಾಚೆಯಿಂದ ಮತ್ತೆ ಹಳಿ. ನಡುವೆ ಇಳಿದು ಕುದುರೆ ಗಾಡಿ ಹತ್ತಬೇಕು.

1848ರಲ್ಲಿ ಯುರೋಪಿನ ಊರೂರಲ್ಲಿ ದಂಗೆ. ವಿಯೆನ್ನಾದ ಬೀದಿಯಲ್ಲೂ ಕೆಲಸವಿಲ್ಲದ ಸಾವಿರಾರು ಜನ. ಸರ್ಕಾರ ಏನು ಮಾಡಿತು ಗೊತ್ತಾ? ಇವರನ್ನೆಲ್ಲಾ ರಾಜಧಾನಿಯಿಂದ ದೂರ ಸಾಗಿಸಿ, ಕೈಗೆ ಗುದ್ದಲಿ ಕೊಟ್ಟುಬಿಡೋಣ ಅಂತ ಗೇಗಾನ ಯೋಜನೆಗೆ ಅವಸರವಾಗಿ ಒಪ್ಪಿಗೆ ಕೊಟ್ಟಿತು. ಇವತ್ತು ಪ್ರವಾಸಿಗರು ಫೋಟೋ ತೆಗೆಯೋ ಆ ಸುಂದರ ಮಾರ್ಗ ಶುರುವಾಗಿದ್ದೇ ಹೀಗೆ, ದಂಗೆಗೆ ಹೆದರಿ.

41 ಕಿಲೋಮೀಟರ್. 14 ಸುರಂಗ, 16 ದೊಡ್ಡ ಕಮಾನು ಸೇತುವೆ. ಕೆಲವು ಸೇತುವೆಗಳಿಗೆ ಎರಡು ಅಂತಸ್ತು. ಕಬ್ಬಿಣದ ತೊಲೆ ಹಾಕೋ ಗೋಜಿಗೇ ಹೋಗಲಿಲ್ಲ ಅವನು, ಎಲ್ಲಾ ಕಲ್ಲು, ಇಟ್ಟಿಗೆ. ಡೈನಮೈಟ್ ಬಂದಿದ್ದು 1867ರಲ್ಲಿ. ಹಾಗಾಗಿ ಇವರ ಹತ್ರ ಇದ್ದಿದ್ದು ಕಪ್ಪು ಮದ್ದಿನಪುಡಿ, ಸುತ್ತಿಗೆ, ಉಳಿ. ಕೆಲಸ ಬಿರುಸಾಗಿದ್ದಾಗ ಸುಮಾರು 20 ಸಾವಿರ ಜನ ಕೂಲಿಗಳು. ಎಂಜಿನ್‌ಗಾಗಿ 1851ರಲ್ಲಿ ಸ್ಪರ್ಧೆ ಇಟ್ಟರು. ನಾಲ್ಕು ಎಂಜಿನ್ ಬಂದವು, ನಾಲ್ಕೂ ಬೆಟ್ಟ ಹತ್ತಿ ತೋರಿಸಿದವು. ಗೆದ್ದದ್ದರ ಹೆಸರು ಬವೇರಿಯಾ. ಆದರೆ ದಿನನಿತ್ಯದ ಓಡಾಟಕ್ಕೆ ಒಂದೂ ಸರಿಹೋಗಲಿಲ್ಲ. ಆಮೇಲೆ ಏಂಗರ್ತ್ ಅನ್ನೋ ಇನ್ನೊಬ್ಬ ಎಂಜಿನಿಯರ್ ಬೇರೆ ವಿನ್ಯಾಸ ಮಾಡಿಕೊಟ್ಟ. 1854ರ ಜುಲೈನಲ್ಲಿ ಪ್ರಯಾಣಿಕರ ರೈಲು ಶುರು. ಸಮುದ್ರಮಟ್ಟದಿಂದ 898 ಮೀಟರ್. ಅಷ್ಟೆತ್ತರಕ್ಕೆ ಅಲ್ಲಿಯವರೆಗೆ ಯಾವ ರೈಲೂ ಹತ್ತಿರಲಿಲ್ಲ. 1998ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ನಮ್ಮ ಡಾರ್ಜಿಲಿಂಗ್ ಪುಟಾಣಿ ರೈಲು ಸೇರಿದ್ದು ಅದರ ಮರುವರ್ಷ.

ಅಪ್ಪ ಕಿಟಕಿಗೆ ಹಣೆ ಅಂಟಿಸಿ ಕೂತಿದ್ದರು. ಹಸಿರು ಕಣಿವೆ, ದೂರದ ಹಿಮ ಯಾವುದೂ ಅವರಿಗೆ ಬೇಕಿರಲಿಲ್ಲ. ಕೆಳಗೆ ನೋಡ್ತಿದ್ದರು. "ಏರು ಎಷ್ಟೋ ಮಗಾ ಇದು?" ಅಂತ ಕೇಳಿದರು. ನಲವತ್ತಕ್ಕೆ ಒಂದು ಅಂದೆ. ನಲವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಅಪ್ಪ ಒಂದು ಕ್ಷಣ ಸುಮ್ಮನಾದರು. "ನಮ್ದು ಐವತ್ತಕ್ಕೆ ಒಂದು." ಆ ದನಿಯಲ್ಲಿ ಸಣ್ಣ ಸೋಲು ಇತ್ತು. ಸಕಲೇಶಪುರ ಘಾಟ್ 55 ಕಿಲೋಮೀಟರ್, 57 ಸುರಂಗ, 1979ರಲ್ಲಿ ಮೀಟರ್ ಗೇಜ್ ರೈಲು ಓಡಿದ ಮಾರ್ಗ. ಸುರಂಗದ ಲೆಕ್ಕದಲ್ಲಿ ನಾವೇ ಮುಂದೆ ಅಂತ ಸಮಾಧಾನ ಮಾಡಿದೆ. "ಮಳೆ? ಇಲ್ಲಿ ನಮ್ಮಷ್ಟು ಮಳೆ ಬಂದಾತಾ?" ಅಂದರು. ಅಲ್ಲಿಗೆ ಪಂದ್ಯ ಸಮ ಆಯಿತು.

ಸೆಮ್ಮರಿಂಗ್ ಸ್ಟೇಷನ್ನಿನಲ್ಲಿ ಇಳಿದೆವು. ಅಲ್ಲೇ ಗೇಗಾನ ಸ್ಮಾರಕ ಇದೆ. ಆಸ್ಟ್ರಿಯಾದ ಹಳೇ 20 ಶಿಲಿಂಗ್ ನೋಟಿನ ಮೇಲೂ ಅವನೇ ಇದ್ದ, ಹಿಂದುಗಡೆ ಅವನ ಸೇತುವೆ. ಒಬ್ಬ ರೈಲ್ವೆ ಎಂಜಿನಿಯರ್‌ನ ಮುಖ ನೋಟಿನ ಮೇಲೆ! ಅಪ್ಪ ಸ್ಮಾರಕವನ್ನು ಸುತ್ತು ಹಾಕಿ ಬಂದು ಕೇಳಿದ್ದು ಒಂದೇ: "ಕೂಲಿಯೋರ ಹೆಸರು ಎಲ್ಲೈತೆ?"

1850ರ ಅಕ್ಟೋಬರ್‌ನಲ್ಲಿ ವೈನ್‌ಜೆಟ್ಲ್ ಅನ್ನೋ ಬಂಡೆಗೋಡೆ ಕುಸಿದು 14 ಜನ ಕೆಲಸಗಾರರು ಸತ್ತರು. ಅದಾದ ಮೇಲೆ ಗೇಗಾ ಆ ಜಾಗದಲ್ಲಿ ಹಳಿಯನ್ನೇ ಬಂಡೆಯ ಒಳಕ್ಕೆ ತಳ್ಳಿದ. ಟೈಫಸ್, ಕಾಲರಾಕ್ಕೆ ಸತ್ತವರು ನೂರಾರು. ಬಂಡೆಗಿಂತ ಶಿಬಿರದ ಕೊಳಕು ನೀರೇ ಹೆಚ್ಚು ಜನರನ್ನು ಕೊಂದಿತು. ಗೇಗಾ 1860ರಲ್ಲಿ ಕ್ಷಯದಿಂದ ತೀರಿಕೊಂಡ. ಈಗ ಅದೇ ಬೆಟ್ಟದ ಕೆಳಗೆ 27 ಕಿಲೋಮೀಟರ್ ಉದ್ದದ ಹೊಸ ಸುರಂಗ ಕೊರೆದಿದ್ದಾರೆ. ಅದು ಮುಗಿದ ಮೇಲೆ ವೇಗದ ರೈಲುಗಳು ಬೆಟ್ಟ ಹತ್ತೋದಿಲ್ಲ, ಕೆಳಗಿನಿಂದ ನುಗ್ಗಿ ಹೋಗ್ತವೆ. ಹಾಗಾಗಿ ನೋಡೋರು ಬೇಗ ನೋಡಿ ಬನ್ನಿ.

ಟ್ರಿಯೆಸ್ಟ್ ತಲುಪೋ ಹೊತ್ತಿಗೆ ಸಂಜೆ. ಒಂದು ಕಡೆ ಸುಣ್ಣಕಲ್ಲಿನ ಗುಡ್ಡ, ಇನ್ನೊಂದು ಕಡೆ ಇದ್ದಕ್ಕಿದ್ದ ಹಾಗೆ ಕೆಳಗೆ ಪೂರ್ತಿ ನೀಲಿ ಆಡ್ರಿಯಾಟಿಕ್ ಸಮುದ್ರ. ರೈಲೊಳಗಿನ ಎಲ್ಲಾ ಮೊಬೈಲೂ ಒಟ್ಟಿಗೆ ಮೇಲೆದ್ದವು. ನಾನೂ ಎತ್ತಿದೆ, ಸುಳ್ಳು ಹೇಳಲ್ಲ.

ಟ್ರಿಯೆಸ್ಟ್ ಈಗ ಇಟಲಿಯಲ್ಲಿದೆ. ಆದರೆ 1382ರಿಂದ 1918ರವರೆಗೆ ಅದು ವಿಯೆನ್ನಾದ ಸೊತ್ತು. 1719ರಲ್ಲಿ ಸುಂಕ ಇಲ್ಲದ ಬಂದರು ಅಂತ ಘೋಷಿಸಿದರು. ಗ್ರೀಕರು, ಯಹೂದಿಗಳು, ಸರ್ಬಿಯನ್ನರು ಬಂದು ತುಂಬಿಕೊಂಡರು. 1857ರ ಜುಲೈನಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಸ್ವತಃ ಬಂದು ವಿಯೆನ್ನಾ–ಟ್ರಿಯೆಸ್ಟ್ ಮಾರ್ಗ ಉದ್ಘಾಟಿಸಿದ. ಅದೇ ಚಕ್ರವರ್ತಿ ಅದೇ ಮಾರ್ಗದ ಇನ್ನೊಂದು ರೈಲನ್ನೂ ಕಾಯಬೇಕಾಯಿತು, 57 ವರ್ಷ ಆದ ಮೇಲೆ.

1914 ಜೂನ್ 28. ಸರಾಯೆವೋದಲ್ಲಿ ಯುವರಾಜ ಫ್ರಾನ್ಸ್ ಫರ್ಡಿನಾಂಡ್, ಹೆಂಡತಿ ಸೋಫಿ ಇಬ್ಬರಿಗೂ ಗುಂಡು. ಮೊದಲ ಮಹಾಯುದ್ಧದ ಪಾಠ ನಾವೆಲ್ಲಾ ಓದಿದ್ದು ಇಲ್ಲಿವರೆಗೆ. ಶವಗಳು ಊರಿಗೆ ಹೋಗಿದ್ದು ಹೇಗೆ ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ವಿರಿಬುಸ್ ಯುನಿಟಿಸ್ ಅನ್ನೋ ಯುದ್ಧನೌಕೆಯಲ್ಲಿ ಟ್ರಿಯೆಸ್ಟ್‌ಗೆ ತಂದರು. ಜುಲೈ 2ರಂದು ಊರ ಬೀದಿಯಲ್ಲಿ ಮೆರವಣಿಗೆ. ಆಮೇಲೆ ರೈಲು. ಇದೇ ಗುಡ್ಡ, ಇದೇ ಸೆಮ್ಮರಿಂಗ್ ಸೇತುವೆಗಳು. ರಾತ್ರಿ ವಿಯೆನ್ನಾ. ಒಂದು ತಿಂಗಳೊಳಗೆ ಯುದ್ಧ. ನಾಲ್ಕು ವರ್ಷದಲ್ಲಿ ಸಾಮ್ರಾಜ್ಯವೇ ಇಲ್ಲ. ಟ್ರಿಯೆಸ್ಟ್ ಇಟಲಿ ಪಾಲಾಯಿತು, ವಿಯೆನ್ನಾಕ್ಕೆ ಸಮುದ್ರವೇ ಇಲ್ಲದಾಯಿತು. ಸಮುದ್ರಕ್ಕೆ ಅಂತ ಹಾಕಿದ ಹಳಿ ಮಾತ್ರ ಉಳಿಯಿತು.

ಊರಿನ ಇನ್ನೊಂದು ತುದಿಯಲ್ಲಿ ಸ್ಯಾನ್ ಸಬ್ಬಾ ಅನ್ನೋ ಜಾಗ ಇದೆ. ಪ್ರವಾಸಿಗರು ಅಷ್ಟಾಗಿ ಹೋಗಲ್ಲ. ಅದೊಂದು ಹಳೇ ಅಕ್ಕಿ ಗಿರಣಿ. ಇಟ್ಟಿಗೆ ಕಟ್ಟಡ, ಎತ್ತರದ ಗೋಡೆ. ನಮ್ಮ ಕಡೆ ಗಂಗಾವತಿಯಲ್ಲೋ ಸಿಂಧನೂರಲ್ಲೋ ನೋಡಿದ ಹಾಗೇ ಅನ್ನಿಸುತ್ತೆ. 1943ರಲ್ಲಿ ನಾಜಿಗಳು ಅದನ್ನು ಸೆರೆಮನೆ ಮಾಡಿಕೊಂಡರು. ಗಿರಣಿಯ ಒಣಗಿಸುವ ಒಲೆ ಇದ್ದ ಜಾಗದಲ್ಲಿ ಹೆಣ ಸುಡುವ ಒಲೆ ಬಂತು. ಇಲ್ಲಿ ಸತ್ತವರು ಕಡಿಮೆ ಅಂದರೂ ಮೂರು ಸಾವಿರ ಅನ್ನುತ್ತಾರೆ. ಇಲ್ಲಿಂದ ಯಹೂದಿಗಳನ್ನು ರೈಲಿನಲ್ಲಿ ಆಶ್‌ವಿಟ್ಸ್‌ಗೆ ಸಾಗಿಸಿದರು. 1945ರ ಏಪ್ರಿಲ್ ಕೊನೆಯಲ್ಲಿ ಓಡಿಹೋಗುವಾಗ ಒಲೆಯನ್ನು ಸ್ಫೋಟಿಸಿ ಹೋದರು. ಅದು ನಿಂತಿದ್ದ ಜಾಗದಲ್ಲಿ ಈಗ ನೆಲಕ್ಕೆ ಉಕ್ಕಿನ ಹಾಸು. ಅಪ್ಪ ಗಿರಣಿ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತರು. ಅಲ್ಲಿ ಚಪ್ಪಲಿ ಬಿಡೋ ಪದ್ಧತಿ ಇಲ್ಲ ಅಂತ ಹೇಳೋಕೆ ಹೋದವನು ಸುಮ್ಮನಾದೆ.

ವೆನಿಸ್! ಮರುದಿನ, ಎರಡೇ ಗಂಟೆಯ ದಾರಿ. ನೀರಿನ ಮೇಲಿನ ಆ ಊರಿಗೆ ರೈಲು ಹೋಗೋದೇ ಒಂದು ಚೋದ್ಯ. 222 ಕಮಾನುಗಳ, ಮೂರೂವರೆ ಕಿಲೋಮೀಟರ್ ಮೀರಿದ ಸೇತುವೆ. ಕಟ್ಟಿದ್ದು 1846ರಲ್ಲಿ, ಆಗಲೂ ಆಸ್ಟ್ರಿಯಾದವರೇ ದೊರೆಗಳು. ಅಲ್ಲಿಯವರೆಗೆ ವೆನಿಸ್‌ಗೆ ಹೋಗೋದು ದೋಣಿಯಲ್ಲೇ. ಎರಡೇ ವರ್ಷ. 1848ರಲ್ಲಿ ವೆನಿಸ್ ದಂಗೆ ಎದ್ದು, ಡೇನಿಯೆಲೆ ಮಾನಿನ್ ಅನ್ನೋ ವಕೀಲನ ಮುಂದಾಳತ್ವದಲ್ಲಿ ಗಣರಾಜ್ಯ ಘೋಷಿಸಿಬಿಟ್ಟಿತು. ಆಸ್ಟ್ರಿಯಾದ ಸೈನ್ಯ ಮುತ್ತಿಗೆ ಹಾಕಿದಾಗ ವೆನಿಸ್‌ನವರು ಮಾಡಿದ್ದೇನು? ತಮ್ಮ ಊರಿನ ಹೊಚ್ಚಹೊಸ ಸೇತುವೆಯ ಕೆಲವು ಕಮಾನುಗಳನ್ನು ತಾವೇ ಸ್ಫೋಟಿಸಿದರು. ಜನರನ್ನು ತರೋ ಸೇತುವೆ ಫಿರಂಗಿಯನ್ನೂ ತರುತ್ತೆ ಅಂತ ಎರಡೇ ವರ್ಷದಲ್ಲಿ ಅರ್ಥ ಆಗಿತ್ತು.

ಈಗ ಡ್ರೋನ್ ಯುದ್ಧದ ಸುದ್ದಿ ದಿನಾ ಓದ್ತೀನಲ್ಲ, ಅದರ ಮುತ್ತಜ್ಜ ಹುಟ್ಟಿದ್ದು ಇಲ್ಲಿ. 1849ರಲ್ಲಿ ಆಸ್ಟ್ರಿಯಾದವರು ಬಲೂನುಗಳಿಗೆ ಬಾಂಬ್ ಕಟ್ಟಿ, ಬತ್ತಿ ಹಚ್ಚಿ, ವೆನಿಸ್ ಕಡೆ ಹಾರಿಬಿಟ್ಟರು. ಜಗತ್ತಿನ ಮೊದಲ ವೈಮಾನಿಕ ದಾಳಿ ಅಂತ ಇದನ್ನು ಕರೀತಾರೆ. ಬಹುತೇಕ ಬಲೂನು ನೀರಿಗೆ ಬಿದ್ದವು, ಕೆಲವು ಗಾಳಿ ತಿರುಗಿ ಹಾರಿಸಿದವರ ಕಡೆಗೇ ವಾಪಸ್ ಬಂದವು. ಊರು ಸೋತಿದ್ದು ಬಾಂಬಿಗಲ್ಲ. ಹಸಿವಿಗೆ, ಕಾಲರಾಕ್ಕೆ. ಆಗಸ್ಟ್‌ನಲ್ಲಿ ಶರಣಾಯಿತು. ಸೆಮ್ಮರಿಂಗ್‌ನಲ್ಲಿ ಕಾಲರಾ, ಇಲ್ಲಿ ಕಾಲರಾ. ಆ ಶತಮಾನದ ಅಸಲಿ ಚಕ್ರವರ್ತಿ ಅದೇ ಇರಬೇಕು.

ವೆನಿಸ್‌ಗೂ ನಮಗೂ ಹಳೇ ಲೆಕ್ಕ ಇದೆ. ಇಲ್ಲಿಗೆ ಹತ್ತಿರದ ಕಿಯೋಜ್ಜಾ ಊರಿನ ವ್ಯಾಪಾರಿ ನಿಕೊಲೊ ಕೊಂಟಿ 1420ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ. ನಗರದ ಸುತ್ತಳತೆ ಅರವತ್ತು ಮೈಲಿ ಅಂತ ಹೇಳಿದವನು ಅವನೇ. ಊರಿಗೆ ವಾಪಸಾದ ಮೇಲೆ, ಪ್ರವಾಸದಲ್ಲಿ ಜೀವ ಉಳಿಸಿಕೊಳ್ಳೋಕೆ ಧರ್ಮ ಬಿಟ್ಟಿದ್ದ ತಪ್ಪಿಗೆ ಪ್ರಾಯಶ್ಚಿತ್ತವಾಗಿ, ಕಂಡಿದ್ದನ್ನೆಲ್ಲಾ ಪೋಪ್‌ನ ಕಾರ್ಯದರ್ಶಿಗೆ ಹೇಳಿ ಬರೆಸಬೇಕಾಯಿತು. ನಮ್ಮ ಹಂಪಿಯ ಇತಿಹಾಸದ ಒಂದು ಆಧಾರ ಸಿಕ್ಕಿದ್ದು ಹೀಗೆ, ಒಬ್ಬನ ತಪ್ಪೊಪ್ಪಿಗೆಯಿಂದ! ಇನ್ನು ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಪುತಳಿ ಸರ ಗೊತ್ತು. ಮೆಣಸು, ಮಸಾಲೆಯ ಬೆಲೆಯಾಗಿ ದಖ್ಖನಿಗೆ ಹರಿದು ಬಂದ ವೆನಿಸ್‌ನ ಚಿನ್ನದ ನಾಣ್ಯದ ಮೇಲೆ ಮನುಷ್ಯರ ಆಕೃತಿ ಇರುತ್ತಿತ್ತು. ಗೊಂಬೆ ಕಂಡವರು ಅದನ್ನು ಪುತಳಿ ಅಂದರು. ಪೋಣಿಸಿ ಕೊರಳಿಗೆ ಹಾಕಿಕೊಂಡರು.

ಇಂಥಾ ಊರಲ್ಲಿ ಈಗ ಊರವರೇ ಇಲ್ಲ. 1951ರಲ್ಲಿ ಹಳೇ ವೆನಿಸ್‌ನ ಜನಸಂಖ್ಯೆ ಒಂದು ಲಕ್ಷದ ಎಪ್ಪತ್ತು ಸಾವಿರ ದಾಟಿತ್ತು. 2022ರಲ್ಲಿ ಐವತ್ತು ಸಾವಿರಕ್ಕಿಂತ ಕೆಳಗಿಳಿಯಿತು. 2024ರಲ್ಲಿ, ಬೆಳಗ್ಗೆ ಬಂದು ಸಂಜೆ ಹೋಗೋರಿಗೆ ಆಯ್ದ ದಿನಗಳಲ್ಲಿ ಐದು ಯೂರೋ ಪ್ರವೇಶ ಶುಲ್ಕ ಹಾಕಿದರು. ಊರಿಗೆ ಟಿಕೆಟ್! ರೈಲು ನಿಲ್ದಾಣಕ್ಕೆ ಸಾಂತಾ ಲೂಚಿಯಾ ಅಂತ ಹೆಸರು. ಆ ಹೆಸರಿನ ಚರ್ಚನ್ನು ಕೆಡವಿ 1861ರಲ್ಲಿ ನಿಲ್ದಾಣ ಮಾಡಿದ್ದು. ಸಂತೆ ಲೂಚಿಯಾ ಕಣ್ಣಿನ ದೇವತೆ ಇದ್ದ ಹಾಗೆ, ಕಣ್ಣು ಬೇನೆಯವರು ಹರಕೆ ಹೊರೋದು ಆಕೆಗೇ. ಆಕೆಯ ಅವಶೇಷವನ್ನು ಪಕ್ಕದ ಚರ್ಚಿಗೆ ಸಾಗಿಸಿ, ಇಲ್ಲಿ ಪ್ಲಾಟ್‌ಫಾರ್ಮ್ ಕಟ್ಟಿದರು. ಆ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು, ಈ ಊರಿನ ನೆಂಟರ ಗದ್ದಲಕ್ಕೆ ನಾವಿಬ್ಬರೂ ಸೇರಿದ್ದೇವಲ್ಲ ಅಂತ ನಾನು ಯೋಚಿಸ್ತಿದ್ದೆ. ಅಪ್ಪ ಮೊಣಕಾಲು ನೋವು ಅಂತ ಸೂಟ್‌ಕೇಸ್ ಮೇಲೆ ಕೂತಿದ್ದರು. ವೆನಿಸ್‌ನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ಹಿರಿಯರನ್ನು ಕರ್ಕೊಂಡು ಹೋಗೋರು ಇದನ್ನು ನೆನಪಿಡಿ.

ಮಿಲಾನ್ ಸೆಂಟ್ರಲ್ ನಿಲ್ದಾಣ. 1931ರಲ್ಲಿ ಮುಸೊಲಿನಿಯ ಕಾಲದಲ್ಲಿ ಮುಗಿದ ಕಟ್ಟಡ. ಅರಮನೆಯೋ, ದೇವಸ್ಥಾನವೋ, ಏನೋ ಒಂದು ದೈತ್ಯ. ನಾವು ನೋಡಬೇಕಿದ್ದಿದ್ದು ಪ್ಲಾಟ್‌ಫಾರ್ಮ್‌ನ ಕೆಳಗಿನ ಅಂತಸ್ತು. ಅಂಚೆ ಚೀಲ ತುಂಬೋಕೆ ಅಂತ ಕಟ್ಟಿದ ಜಾಗ. ಅಲ್ಲಿ ವ್ಯಾಗನ್ ತುಂಬಿಸಿ, ಲಿಫ್ಟ್‌ನಲ್ಲಿ ಇಡೀ ವ್ಯಾಗನ್ನನ್ನೇ ಎತ್ತಿ ಮೇಲಿನ ಹಳಿಗೆ ಜೋಡಿಸುವ ವ್ಯವಸ್ಥೆ. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಅದ್ಭುತ ವಿನ್ಯಾಸ. 1943ರ ಡಿಸೆಂಬರ್‌ನಿಂದ ಅಂಚೆ ಚೀಲದ ಜಾಗದಲ್ಲಿ ಮನುಷ್ಯರು. ಮೇಲೆ ಪ್ರಯಾಣಿಕರು ಕಾಫಿ ಕುಡೀತಿರುವಾಗ ಕೆಳಗೆ ಕತ್ತಲಲ್ಲಿ ಯಹೂದಿಗಳನ್ನು, ರಾಜಕೀಯ ಕೈದಿಗಳನ್ನು ತುಂಬಿ, ಬಾಗಿಲು ಜಡಿದು, ಲಿಫ್ಟ್‌ನಲ್ಲಿ ಎತ್ತಿದರು. 1944 ಜನವರಿ 30ರ ರೈಲಿನಲ್ಲಿ ಆಶ್‌ವಿಟ್ಸ್‌ಗೆ ಹೋದವರು 605 ಜನ. ವಾಪಸ್ ಬಂದವರು 22. ಆ ಇಪ್ಪತ್ತೆರಡರಲ್ಲಿ ಒಬ್ಬಳು ಹದಿಮೂರು ವರ್ಷದ ಹುಡುಗಿ ಲಿಲಿಯಾನಾ ಸೆಗ್ರೆ. 2018ರಲ್ಲಿ ಇಟಲಿ ಆಕೆಯನ್ನು ಆಜೀವ ಸೆನೆಟರ್ ಮಾಡಿತು. ಈಗ ಅದು ಸ್ಮಾರಕ. ಹೆಸರು 21ನೇ ಪ್ಲಾಟ್‌ಫಾರ್ಮ್. ಒಳಗೆ ಹೋಗುತ್ತಿದ್ದಂತೆ ಉದ್ದನೆಯ ಗೋಡೆ, ಅದರ ಮೇಲೆ ಒಂದೇ ಒಂದು ಪದ. ಇಟಾಲಿಯನ್‌ನಲ್ಲಿ 'ಇಂದಿಫೆರೆಂಜಾ'. ನಮ್ಮ ಭಾಷೆಯಲ್ಲಿ ಹೇಳೋದಾದರೆ, 'ನಮಗ್ಯಾಕೆ' ಅನ್ನೋದು. ಆ ಪದ ಆರಿಸಿದ್ದು ಸೆಗ್ರೆಯೇ.

ಅಪ್ಪ ವ್ಯಾಗನ್‌ನ ಮರದ ಹಲಗೆ ಮುಟ್ಟಿದರು. ಚಕ್ರ ನೋಡಿದರು. ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಬೆರಳು ಮಡಚುತ್ತಾ ಲೆಕ್ಕ ಹಾಕಿದರು. "ಲಿಫ್ಟ್ ನಡೆಸೋನೊಬ್ಬ. ಶಂಟಿಂಗ್‌ನೋರು ಇಬ್ಬರು. ಪಾಯಿಂಟ್ಸ್‌ಮನ್. ಕ್ಯಾಬಿನ್‌ನೋನು. ಸ್ಟೇಷನ್ ಮಾಸ್ಟ್ರು. ಡ್ರೈವರು, ಫೈರ್‌ಮನ್ನು, ಗಾರ್ಡು. ಒಂದು ಗಾಡಿ ಬಿಡೋಕೆ ಇಷ್ಟು ಜನ ಬೇಕು ಕಣೋ. ಎಲ್ಲರಿಗೂ ಗೊತ್ತಿರ್ತದೆ ಒಳಗೇನೈತೆ ಅಂತ." ಸ್ವಲ್ಪ ಹೊತ್ತು ಬಿಟ್ಟು, "ಒಬ್ಬ ರಜಾ ಹಾಕಿದ್ರೆ ಇನ್ನೊಬ್ಬ ಬರ್ತಿದ್ದ, ಬಿಡು" ಅಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ನಾನಾಗಿದ್ರೂ ಡ್ಯೂಟಿ ಮಾಡ್ತಿದ್ನೋ ಏನೋ."

ನಾನು ಏನೂ ಹೇಳಲಿಲ್ಲ. ರೈಲಿನಿಂದ ಕೈದಿಗಳು ಚೀಟಿ ಬರೆದು ಎಸೀತಿದ್ದರು, ಅಂಥ ಚೀಟಿಯನ್ನು ಎತ್ತಿಕೊಂಡು ಮನೆಯವರಿಗೆ ಅಂಚೆಗೆ ಹಾಕಿದ ರೈಲ್ವೆ ಕೆಲಸಗಾರರೂ ಇದ್ದರು ಅಂತ ಓದಿದ್ದೆ. ಅದನ್ನು ಹೇಳಬೇಕು ಅಂದುಕೊಂಡೆ. ಆದರೆ ಆ ಕ್ಷಣ ನನಗೆ ನೆನಪಾಗಿದ್ದು ಬೇರೆ. ಒಂದು ಬೆಳಗಿನ ಬುಲೆಟಿನ್. ಮಂಜಿನಲ್ಲಿ ಹಳಿ ಪರೀಕ್ಷೆಗೆ ಹೋಗಿದ್ದ ಇಬ್ಬರು ಗ್ಯಾಂಗ್‌ಮನ್‌ಗಳ ಮೇಲೆ ರೈಲು ಹರಿದು ಸಾವು. ಪರದೆಯ ಕೆಳಗೆ ಓಡೋ ಸಾಲಿನಲ್ಲಿ ಒಂದ್ಸಲ ಬಂದು ಹೋಯಿತು. ಇಬ್ಬರ ಹೆಸರೂ ಇರಲಿಲ್ಲ. ಮುಖ್ಯ ಸುದ್ದಿ ಒಬ್ಬ ನಟನ ಮದುವೆ. ಆ ಸಾಲನ್ನು ಓಕೆ ಮಾಡಿದ್ದು ನಾನೇ. ಗ್ಯಾಂಗ್‌ಮನ್ ಮಗ.

ಅಪ್ಪ ಮನೆಯಲ್ಲಿ ಆ ಬುಲೆಟಿನ್ ನೋಡ್ತಿದ್ದರು. ಯಾವತ್ತೂ ಅದರ ಬಗ್ಗೆ ಮಾತಾಡಲಿಲ್ಲ. ಮಿಲಾನ್‌ನಲ್ಲೂ ಮಾತಾಡಲಿಲ್ಲ.

ಅಲ್ಲಿಂದ ಕೆಳಕ್ಕೆ ಕರಾವಳಿ. ಚಿಂಕ್ವೆ ತೆರ್ರೆ, ಅಂದರೆ ಐದು ಊರು. ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯೋ ಜಾಗದಲ್ಲಿ ಬಣ್ಣಬಣ್ಣದ ಮನೆಗಳ ಗುಂಪು. 1874ರಲ್ಲಿ ಜಿನೋವಾ–ಲಾ ಸ್ಪೆಜಿಯಾ ಮಾರ್ಗ ಪೂರ್ತಿಯಾಗೋವರೆಗೆ ಇಲ್ಲಿಗೆ ಕಾಲುದಾರಿ ಇಲ್ಲವೇ ದೋಣಿ. ರೈಲು ಸುರಂಗದಿಂದ ಹೊರಗೆ ಬರುತ್ತೆ, ಸಮುದ್ರ ಫಳ್ ಅಂತ ಮಿಂಚುತ್ತೆ, ಮತ್ತೆ ಸುರಂಗ. ಅಪ್ಪ ಎಣಿಸೋಕೆ ಶುರು ಮಾಡಿ ಹದಿನೇಳಕ್ಕೆ ಲೆಕ್ಕ ತಪ್ಪಿ ಬೈದುಕೊಂಡರು. ಈ ಊರಿನವರು ನೂರಾರು ವರ್ಷ ಕಷ್ಟಪಟ್ಟು, ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು, ಬೆಟ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಹೊಲ ಮಾಡಿದ್ದರು. ರೈಲು ಬಂತು, ಗಂಡಸರು ಲಾ ಸ್ಪೆಜಿಯಾದ ನೌಕಾ ಕಾರ್ಖಾನೆಗೆ ಕೆಲಸಕ್ಕೆ ಹೋದರು, ಹೊಲ ಹಾಳುಬಿತ್ತು. ಗೋಡೆ ಕಟ್ಟೋರಿಲ್ಲದ ಬೆಟ್ಟ ಮಳೆಗೆ ಜಾರುತ್ತೆ. 2011ರ ಅಕ್ಟೋಬರ್‌ನಲ್ಲಿ ವೆರ್ನಾಜ್ಜಾ, ಮಾಂಟೆರೊಸ್ಸೊ ಎರಡೂ ಮಣ್ಣಿನಡಿ ಹೂತುಹೋಗಿದ್ದವು. ಶಿರಾಡಿಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಿನೋವಾ ಕೊಲಂಬಸ್‌ನ ಊರು, ಮಳೆಯಲ್ಲಿ ಸರಿಯಾಗಿ ನೋಡಲಾಗಲಿಲ್ಲ. ಗಡಿಯ ವೆಂಟಿಮಿಲ್ಯಾ ದಾಟಿದ ಮೇಲೆ ಫ್ರಾನ್ಸಿನ ಪೊಲೀಸರು ಹತ್ತಿ ಪಾಸ್‌ಪೋರ್ಟ್ ನೋಡಿದರು. 1914ಕ್ಕೆ ಮುಂಚೆ ಯುರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟೇ ಇಲ್ಲದೆ ರೈಲಲ್ಲಿ ಓಡಾಡಬಹುದಿತ್ತು ಅಂದರೆ ನಂಬ್ತೀರಾ? ನೀಸ್‌ನ ಸಮುದ್ರ ಚೆಂದ. ಈ ಊರು ಕಾಯಂ ಆಗಿ ಫ್ರಾನ್ಸಿನದ್ದಾಗಿದ್ದು 1860ರಲ್ಲಿ. ಇಟಲಿಯನ್ನು ಒಂದು ಮಾಡೋಕೆ ಕತ್ತಿ ಹಿಡಿದ ಗ್ಯಾರಿಬಾಲ್ಡಿ ಹುಟ್ಟಿದ ಊರೇ ಒಪ್ಪಂದದಲ್ಲಿ ಫ್ರಾನ್ಸಿಗೆ ಹೋಯಿತು. ಸಾಯುವವರೆಗೆ ಅವನಿಗೆ ಆ ಕೋಪ ಆರಲಿಲ್ಲ. ನಾಲ್ಕೇ ವರ್ಷದಲ್ಲಿ ಅಲ್ಲಿಗೆ ರೈಲು, ಹಿಂದೆಯೇ ಚಳಿಗೆ ಹೆದರಿದ ಇಂಗ್ಲೆಂಡಿನ ಶ್ರೀಮಂತರು ಇನ್ನೂ ಹೆಚ್ಚಾದರು. ಮೊನಾಕೊ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ದೇಶದ ವಿಸ್ತೀರ್ಣ ಎರಡು ಚದರ ಕಿಲೋಮೀಟರ್, ಅಪ್ಪನ ಗ್ಯಾಂಗ್‌ನ ಬೀಟ್ ಇದಕ್ಕಿಂತ ಉದ್ದ ಇತ್ತು.

ಕೊನೆಗೆ ಟೂಲಾನ್. ಯಾರೂ ರಜೆಗೆ ಅಂತ ಹೋಗದ ಊರು, ಫ್ರಾನ್ಸಿನ ನೌಕಾನೆಲೆ. ನಾನು ಹಟ ಹಿಡಿದು ಇಳಿಸಿದೆ. ಯಾಕೆ ಹೇಳ್ತೀನಿ ಕೇಳಿ. 1788ರ ಜೂನ್‌ನಲ್ಲಿ ಈ ಬಂದರಿನಲ್ಲಿ ಹಡಗಿನಿಂದ ಇಳಿದವರು ಮೂವರು. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. ಬಂದಿದ್ದು ಶ್ರೀರಂಗಪಟ್ಟಣದಿಂದ. ಟಿಪ್ಪು ಸುಲ್ತಾನನ ರಾಯಭಾರಿಗಳು. ಟಿಪ್ಪು ಹೆಸರು ಕೇಳಿದ ಕೂಡಲೇ ಎರಡು ಗುಂಪಾಗಿ ಕೂರಬೇಡಿ, ಇವತ್ತು ಡಿಬೇಟ್ ಇಲ್ಲ! ಪುದುಚೇರಿಯಲ್ಲಿ ಹಡಗು ಹತ್ತಿದವರು ಇಲ್ಲಿಗೆ ತಲುಪೋಕೆ ಹತ್ತು ತಿಂಗಳ ಮೇಲಾಯಿತು. ಕುದುರೆ ಗಾಡಿಯಲ್ಲಿ ಮಾರ್ಸೇಯ್ಲ್ ಹಾದು ಪ್ಯಾರಿಸ್‌ಗೆ ಹೋದರು. ಹೋದಲ್ಲೆಲ್ಲಾ ನೋಡೋಕೆ ಜನಜಾತ್ರೆ. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿಯ ಭೇಟಿ. ಬ್ರಿಟಿಷರ ವಿರುದ್ಧ ಸೈನ್ಯ ಕೊಡಿ ಅಂತ ಕೇಳಿದರು. ರಾಜ ನಕ್ಕು, ಪಿಂಗಾಣಿ ಉಡುಗೊರೆ ಕೊಟ್ಟ, ಕುಶಲಕರ್ಮಿಗಳನ್ನು ಕೊಟ್ಟ. ಸೈನ್ಯ ಕೊಡಲಿಲ್ಲ. ಕೊಡೋಕೆ ಬೊಕ್ಕಸದಲ್ಲಿ ದುಡ್ಡಿರಲಿಲ್ಲ. ಮರುವರ್ಷ ಜುಲೈಗೆ ಫ್ರಾನ್ಸ್ ಕ್ರಾಂತಿ, ಇನ್ನು ಮೂರೂವರೆ ವರ್ಷಕ್ಕೆ ಆ ರಾಜನ ತಲೆಯೇ ಹೋಯಿತು. ದರ್ವೇಶ್ ಖಾನ್‌ನ ಚಿತ್ರವನ್ನು ಆಗಿನ ಪ್ರಖ್ಯಾತ ಕಲಾವಿದೆ ವೀಜೆ ಲೆ ಬ್ರನ್ ಬರೆದಳು. ಬಿಳಿ ಉಡುಪು, ಕೈ ಕತ್ತಿಯ ಮೇಲೆ. 2019ರಲ್ಲಿ ಆ ಚಿತ್ರ ಹರಾಜಾಗಿದ್ದು 70 ಲಕ್ಷ ಡಾಲರ್‌ಗೂ ಹೆಚ್ಚಿಗೆ.

ಅದಾಗಿ ಹತ್ತು ವರ್ಷ. 1797ರ ಮೇ ತಿಂಗಳಲ್ಲಿ ಸಾವಿರ ವರ್ಷದ ವೆನಿಸ್ ಗಣರಾಜ್ಯವನ್ನು ಮುಗಿಸಿದ ನೆಪೋಲಿಯನ್, ಅದೇ ವರ್ಷ ಆ ಊರನ್ನು ಆಸ್ಟ್ರಿಯಾಕ್ಕೆ ಬಿಟ್ಟುಕೊಟ್ಟ. ಗೇಗಾ ಹುಟ್ಟುವಾಗ ವೆನಿಸ್ ವಿಯೆನ್ನಾದ ಕೈಯಲ್ಲಿದ್ದಿದ್ದು ಇದೇ ಕಾರಣಕ್ಕೆ. ಮರುವರ್ಷ, 1798ರ ಮೇ 19ರಂದು, ಈ ಟೂಲಾನ್‌ನಿಂದಲೇ ಹಡಗು ಹತ್ತಿ ಈಜಿಪ್ಟಿಗೆ ಹೊರಟ. ಕೈರೋದಿಂದ 1799ರ ಜನವರಿಯಲ್ಲಿ ಟಿಪ್ಪುವಿಗೆ ಪತ್ರ ಬರೆದ, ನಿಮ್ಮನ್ನು ಬ್ರಿಟಿಷರಿಂದ ಬಿಡಿಸೋಕೆ ಬರ್ತಿದ್ದೀನಿ ಅಂತ. ಪತ್ರ ಸಿಕ್ಕಿದ್ದು ಬ್ರಿಟಿಷರ ಕೈಗೆ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು.

ಬಂದರಿನ ಕಟ್ಟೆ ಮೇಲೆ ಕೂತು ಇದನ್ನೆಲ್ಲಾ ಅಪ್ಪನಿಗೆ ಹೇಳಿದೆ, ಸ್ಟುಡಿಯೋದಲ್ಲಿ ಹೇಳೋ ಹಾಗೇ ಕೈ ಆಡಿಸುತ್ತಾ. ಅಪ್ಪ ಪೂರ್ತಿ ಕೇಳಿದರು. "ಪತ್ರ ತಗಂಡು ಹೋದೋನು ಏನಾದ?" ಅಂದರು.

ನನಗೆ ಉತ್ತರ ಗೊತ್ತಿರಲಿಲ್ಲ.

ಸಂಜೆ ಸ್ಟೇಷನ್ನಿಗೆ ಬಂದಾಗ ಪಕ್ಕದ ಹಳಿಯಲ್ಲಿ ಕೆಲಸ ನಡೀತಿತ್ತು. ಕಿತ್ತಳೆ ಬಣ್ಣದ ಕೋಟು ತೊಟ್ಟ ಆರೇಳು ಜನ ಜಲ್ಲಿ ಸರಿಮಾಡುತ್ತಿದ್ದರು. ಒಬ್ಬ ಸ್ವಲ್ಪ ದೂರದಲ್ಲಿ ನಿಂತು ಗಾಡಿ ಬರೋದನ್ನು ನೋಡ್ತಾ ಇದ್ದ. ಅಪ್ಪ ಪ್ಲಾಟ್‌ಫಾರ್ಮ್‌ನ ತುದಿಯವರೆಗೆ ನಡೆದು ಹೋಗಿ ತುಂಬಾ ಹೊತ್ತು ನಿಂತರು. ಆ ಗಾಡಿ ನೋಡುವವನು ತಿರುಗಿದ. ಅಪ್ಪ ಕೈ ಎತ್ತಿದರು. ಅವನೂ ಎತ್ತಿದ. ನಮ್ಮ ರೈಲು ಬಂತು, ಹತ್ತಿ ಕೂತೆವು. ಹೊರಟಾಗ ಅಪ್ಪ ವಾಚ್ ನೋಡಿಕೊಂಡು, "ಎರಡು ನಿಮಿಷ ಲೇಟು" ಅಂದರು.